ಬಿದ್ದು ಕಲಿಯುವ ಆಟ

ಮಕ್ಕಳು ಮೊಬೈಲಿನಲ್ಲಿ ಆಡುವ ಆಟಗಳೆಲ್ಲ ಒಂದೇ ಎಂದು ಭಾವಿಸುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ವಾಸ್ತವ ಹಾಗಿಲ್ಲ. ಕಟ್ಟೆಯಿಂದ ಕಟ್ಟೆಗೆ ಹಾರುತ್ತ, ಹೊಂಡ ದಾಟುತ್ತ, ಎದುರಾದ ವೈರಿಯನ್ನು ತುಳಿಯುತ್ತ ಸಾಗುವ ಆಟಗಳದ್ದೇ ಬೇರೊಂದು ಜಾತಿ. ಅವಕ್ಕೆ ‘ಪ್ಲಾಟ್‌ಫಾರ್ಮ್’ ಆಟಗಳೆಂದು ಹೆಸರು. ನಮ್ಮ ಕುಂಟೆಬಿಲ್ಲೆಯ ದೂರದ ನೆಂಟರೆನ್ನಬಹುದು. ಗೆರೆ ತುಳಿದರೆ ಸರದಿ ಹೋಯಿತು, ತಕರಾರಿಲ್ಲ.

ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲ್ಲೂಕು ಕಾಸರಗೋಡಿನ ಓದುಗರಿಗೆ ಭೂಪಟದಲ್ಲಿ ದೂರ, ಸ್ಥಿತಿಯಲ್ಲಿ ಹತ್ತಿರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. 1990ರ ದಶಕದಲ್ಲಿ, ನಾವು ಶಾಲೆಯಲ್ಲಿದ್ದಾಗ, ಟಿ.ವಿ. ಗೇಮ್ ಎಂಬ ಪೆಟ್ಟಿಗೆ ಇಲ್ಲಿಗೂ ಬಂತು. ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ಅಗ್ಗದ ನಕಲು ಅದು. ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದಿರುತ್ತಿತ್ತು. ಆಡಿ ನೋಡಿದರೆ ಬೆರಳೆಣಿಕೆಯ ಆಟಗಳೇ ಬಣ್ಣ ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು. ಅವುಗಳಲ್ಲೊಂದು 1985ರ ‘ಸೂಪರ್ ಮಾರಿಯೋ ಬ್ರದರ್ಸ್’. ಇಡೀ ಆಟದ ಗಾತ್ರ 40 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದರ ಹಲವು ಪಟ್ಟು ದೊಡ್ಡದು. ಇಷ್ಟು ಚಿಕ್ಕ ಜಾಗದಲ್ಲಿ ಆಟವನ್ನು ಉದ್ದ ಮಾಡಲಾಗದು, ಕಷ್ಟ ಮಾಡಬಹುದು. ಎಂಟು ಲೋಕ, 32 ಹಂತ. ಆರಂಭದಲ್ಲಿ ಕೈಯಲ್ಲಿರುವುದು ಮೂರೇ ಜೀವ. ಆಟವನ್ನು ಉಳಿಸಿಟ್ಟು ನಾಳೆ ಮುಂದುವರಿಸುವ ಅನುಕೂಲವಿಲ್ಲ. ಜತ್ತದಲ್ಲಿ ಇದಕ್ಕೆ ಸೇರಿದ ಇನ್ನೊಬ್ಬ ವೈರಿಯೆಂದರೆ ಲೋಡ್ ಶೆಡ್ಡಿಂಗ್. ಏಳನೆಯ ಲೋಕಕ್ಕೆ ಕಾಲಿಟ್ಟ ಹೊತ್ತಿಗೆ ಕರೆಂಟು ಹೋದರೆ ಪುನಃ ಶ್ರೀಗಣೇಶಾಯ ನಮಃ.

ಇಷ್ಟೆಲ್ಲ ಕಾಟವಿದ್ದರೂ ಬಿಡಲಾಗದ ಸೆಳೆತ ಏನಿತ್ತು? ಆ ಆಟಕ್ಕೆ ಭಾಷೆ ಬೇಕಿರಲಿಲ್ಲ. ಮೊದಲ ತೆರೆಯಲ್ಲಿ ಸೂಚನೆಯ ಒಂದಕ್ಷರವೂ ಇಲ್ಲ. ಬಲಕ್ಕೆ ಬಯಲಿದೆ, ನಡೆಯಬೇಕು. ಅಣಬೆಯಂಥ ವೈರಿ ಎದುರು ಬರುತ್ತದೆ, ತಗುಲಿದರೆ ಸಾವು, ಹಾರಿದರೆ ಬದುಕು. ಟಿ.ಸಿ.ಎಚ್. ತರಬೇತಿಯಲ್ಲಿ ‘ಸರಳದಿಂದ ಸಂಕೀರ್ಣಕ್ಕೆ’ ಎಂಬ ಸೂತ್ರವನ್ನು ನಾವು ಬಾಯಿಪಾಠ ಮಾಡಿದ್ದೆವು; ಅದರ ಇಷ್ಟು ಒಳ್ಳೆಯ ಪಾಠ ಬೇರೆಲ್ಲೂ ನಮಗೆ ಸಿಕ್ಕಿಲ್ಲ. ಮರಾಠಿಯಲ್ಲಿ ತಡವರಿಸುವ, ಇಂಗ್ಲಿಷ್ ಎಂದರೆ ಹೆದರುವ ಹುಡುಗನೂ ಅಲ್ಲಿ ಯಾರಿಗೂ ಕಡಿಮೆಯಿರಲಿಲ್ಲ.

ಪುಣೆಯಲ್ಲಿ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಈ ವಂಶದ ಹೊಸ ಕುಡಿಗಳನ್ನು ತೋರಿಸಿದ. 2010ರ ‘ಸೂಪರ್ ಮೀಟ್ ಬಾಯ್’ನಲ್ಲಿ ಒಂದು ಹಂತ ಗೆದ್ದ ಮೇಲೆ, ಆ ಹಂತದಲ್ಲಿ ಸೋತ ಪ್ರಯತ್ನಗಳೆಲ್ಲ ಒಟ್ಟಿಗೆ ತೆರೆಯ ಮೇಲೆ ಓಡುತ್ತವೆ, ಹತ್ತಾರು ನಾವುಗಳು ಸತ್ತು ಉದುರಿ ಒಬ್ಬನೇ ದಡ ಸೇರುವುದು ನೋಡಲು ಮೋಜು. 2018ರ ‘ಸೆಲೆಸ್ಟ್’ನಲ್ಲಿ ಹುಡುಗಿಯೊಬ್ಬಳು ಪರ್ವತ ಏರುತ್ತಾಳೆ. ಬಿದ್ದ ಕ್ಷಣವೇ ಅದೇ ತೆರೆಯಿಂದ ಮತ್ತೆ ಶುರು. ಬಿದ್ದ ಲೆಕ್ಕವನ್ನು ಆಟವೇ ಇಡುತ್ತದೆ, ಆದರೆ ಅವಮಾನವೆಂದು ಅಲ್ಲ. ತೀರಾ ಆಗದವರು ಆಟದ ವೇಗವನ್ನೇ ತಗ್ಗಿಸಿಕೊಳ್ಳಬಹುದು. (ಬಿದ್ದೊಡನೆ ಜಾಹೀರಾತು ತೋರಿಸಿ, ದುಡ್ಡು ಕೊಟ್ಟರೆ ಜೀವ ಕೊಡುವ ಮೊಬೈಲ್ ಆಟಗಳನ್ನು ನಾವು ಈ ಸಾಲಿಗೆ ಸೇರಿಸುವುದಿಲ್ಲ.)

ಆದರೆ ಕಷ್ಟದಲ್ಲೂ ಎರಡು ಬಗೆ. ಮಾರಿಯೋದ ಎರಡನೆಯ ಭಾಗ 1986ರಲ್ಲಿ ಜಪಾನಿನಲ್ಲಿ ಬಂತು. ಬಲ ಕೊಡುವ ಅಣಬೆಯ ಪಕ್ಕದಲ್ಲಿ ವಿಷದ ಅಣಬೆ, ಹಾರಿದಾಗ ತಲೆಗೆ ಬಡಿದು ಹೊಂಡಕ್ಕೆ ಕೆಡಹುವ ಕಾಣದ ಇಟ್ಟಿಗೆ, ಮೊದಲ ಲೋಕಕ್ಕೆ ಹಿಂದಟ್ಟುವ ಗುಪ್ತದ್ವಾರ. ಅಮೆರಿಕದವರು ಇದನ್ನು ತಾಳಲಾರರೆಂದು ಕಂಪನಿಯೇ ತೀರ್ಮಾನಿಸಿ, 1988ರಲ್ಲಿ ಅದೇ ಹೆಸರಿನಿಂದ ಬೇರೆಯೇ ಆಟವನ್ನು ಅಲ್ಲಿಗೆ ಕಳಿಸಿತು. ತನ್ನ ತಪ್ಪಿನಿಂದ ಬಿದ್ದವನು ಏಳುತ್ತಾನೆ. ಮೋಸದಿಂದ ಬಿದ್ದವನು ಕೈಯಲ್ಲಿದ್ದುದನ್ನು ಎಸೆಯುತ್ತಾನೆ.

ಅಲ್ಪಸಂಖ್ಯಾತ ಭಾಷೆಯ ಶಾಲೆಯಲ್ಲಿ ಪಾಠ ಮಾಡುವವರಿಗೆ ಈ ಕಾಣದ ಇಟ್ಟಿಗೆಯ ಪರಿಚಯ ಚೆನ್ನಾಗಿಯೇ ಇದೆ. ಇನ್ನೊಂದು ಭಾಷೆಯಲ್ಲಿ ತಯಾರಾದ ಪ್ರಶ್ನೆ ಕನ್ನಡಕ್ಕಿಳಿಯುವಾಗ ಕೆಲವೊಮ್ಮೆ ತಲೆಕೆಳಗಾಗಿ ಬರುತ್ತದೆ. ಲೆಕ್ಕ ಬಲ್ಲ ಹುಡುಗ ವಾಕ್ಯವನ್ನು ಮೂರು ಸಲ ಓದುತ್ತಾನೆ, ಅರ್ಥವಾಗದೆ ಹಾಳೆ ಖಾಲಿ ಬಿಡುತ್ತಾನೆ. ತಪ್ಪು ಪ್ರಶ್ನೆಯದೆಂದು ಅವನಿಗೆ ಹೇಳುವವರಿಲ್ಲ. ತಾನೇ ದಡ್ಡನೆಂದುಕೊಂಡು ಮನೆಗೆ ಹೋಗುತ್ತಾನೆ. ಅದೇ ಹುಡುಗ ಸಂಜೆ ಅಪ್ಪನ ಮೊಬೈಲಿನಲ್ಲಿ ಒಂದೇ ಹೊಂಡಕ್ಕೆ 40 ಸಲ ಬಿದ್ದು ನಗುತ್ತಿರುತ್ತಾನೆ.

ಕಳೆದ ಜೂನ್‌ನಿಂದ ಎಂಟನೆಯ ತರಗತಿಯಲ್ಲಿ ನಾವೊಂದು ಪದ್ಧತಿ ಇಟ್ಟಿದ್ದೇವೆ. ತಪ್ಪಾದ ಲೆಕ್ಕಕ್ಕೆ ಕೆಂಪು ಗೀಟಿಲ್ಲ. ವಾರದೊಳಗೆ ಎಷ್ಟು ಸಲವಾದರೂ ಮಾಡಿ ತರಬಹುದು. ಎಷ್ಟನೆಯ ಸಲ ಎಂಬುದನ್ನು ಮಾತ್ರ ಬದಿಯಲ್ಲಿ ಬರೆಯಬೇಕು. ಮೊದಲ ಸಲಕ್ಕೇ ಸರಿ ಬರಬೇಡವೇ ಸರ್ ಎಂದು ಕೆಲವು ಪಾಲಕರು ಕೇಳಿದ್ದುಂಟು. ಒಬ್ಬ ಹುಡುಗಿಯ ಪುಸ್ತಕದಲ್ಲಿ ಅಪವರ್ತನದ ಲೆಕ್ಕವೊಂದರ ಬದಿಗೆ 11 ಎಂದಿದೆ, ಹನ್ನೊಂದನೆಯದು ಸರಿಯಾಗಿದೆ. ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಮಾತು ಬೇರೆ. ಅದರ ಕನ್ನಡ ನಮ್ಮ ಕೈಯಲ್ಲಿಲ್ಲ.