ಅಘನಾಶಿನಿಯ ಎರಡು ದಡ: ಕುಮಟೆಯ ಪೇಟೆ, ಸಾಣಿಕಟ್ಟೆಯ ಉಪ್ಪು, ಗೋಕರ್ಣದ ಮರಳು

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕನ್ನು ಅಘನಾಶಿನಿ ನದಿ ನಡುವೆ ಹಾದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿಯ ದಕ್ಷಿಣಕ್ಕೆ ವ್ಯಾಪಾರದ ಪೇಟೆಯಾದ ಕುಮಟಾ, ಉತ್ತರಕ್ಕೆ ಯಾತ್ರಾಸ್ಥಳವೂ ಕಡಲತೀರದ ವಿಹಾರಧಾಮವೂ ಆದ ಗೋಕರ್ಣ, ಇವೆರಡರ ನಡುವೆ ಅಳಿವೆ, ಅಂದರೆ ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಭರತ ಇಳಿತಗಳಿಗೆ ತಕ್ಕಂತೆ ಬೆರೆಯುವ ಅಗಲವಾದ ನದೀಮುಖ. ಪ್ರವಾಸದ ಕೈಪಿಡಿಗಳು ಈ ಮೂರರಲ್ಲಿ ಗೋಕರ್ಣವೊಂದನ್ನೇ ಬಾಯ್ತುಂಬ ವರ್ಣಿಸಿ, ಕುಮಟೆಯನ್ನು ಬಸ್ಸು ಬದಲಿಸುವ ಊರೆಂದು ಒಂದು ಸಾಲಿನಲ್ಲಿ ಮುಗಿಸಿ, ಅಳಿವೆಯನ್ನು ಸೇತುವೆಯ ಮೇಲಿಂದ ಕಾಣುವ ನೋಟವಾಗಿ ಮಾತ್ರ ಉಲ್ಲೇಖಿಸುತ್ತವೆ. ಈ ಕ್ರಮ ತಿರುಗುಮುರುಗಾಗಿದೆ ಎಂದು ತಾಲ್ಲೂಕನ್ನು ಹಗಲಿಡೀ ಸುತ್ತಿದವರಿಗೆ ಅನ್ನಿಸದೆ ಇರದು. ಏಕೆಂದರೆ ಇಲ್ಲಿನ ಅಕ್ಕಿ, ಮೀನು, ಬೆಳಚು ಎಂಬ ಎರಡು ಚಿಪ್ಪಿನ ಮೃದ್ವಂಗಿ ಮತ್ತು ಉಪ್ಪು ಅಳಿವೆಯಿಂದ ಹುಟ್ಟುತ್ತವೆ, ಪೇಟೆಯ ಮೂಲಕ ಕೈ ಬದಲಿಸುತ್ತವೆ, ಮರಳಿನ ದಂಡೆಗೆ ಬರುವವರ ತಟ್ಟೆಯನ್ನು ಕೊನೆಯಲ್ಲಷ್ಟೇ ತಲಪುತ್ತವೆ.

ಅಘನಾಶಿನಿ ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಬಳಿ ಕಡಲು ಸೇರುವವರೆಗೆ ಅದಕ್ಕೆ ಅಡ್ಡಲಾಗಿ ದೊಡ್ಡ ಅಣೆಕಟ್ಟೆ ಯಾವುದೂ ಇಲ್ಲ. ದಕ್ಷಿಣದ ನೆರೆಯ ನದಿಯಾದ ಶರಾವತಿ ವಿದ್ಯುತ್ತಿನಿಂದಾಗಿ ನಾಡಿಗೆಲ್ಲ ಪರಿಚಿತವಾಗಿದೆ. ಅಣೆಕಟ್ಟೆಯಿಲ್ಲದ ಅಘನಾಶಿನಿಗೆ ಅಂಥ ಪ್ರಸಿದ್ಧಿ ದೊರೆತಿಲ್ಲವಾದರೂ, ಮಳೆಗಾಲದಲ್ಲಿ ಘಟ್ಟದ ಮಣ್ಣನ್ನೂ ಬೇಸಿಗೆಯಲ್ಲಿ ಕಡಲಿನ ಉಪ್ಪನ್ನೂ ತಡೆಯಿಲ್ಲದೆ ಅಳಿವೆಗೆ ತರುವ ಅದರ ಗುಣವೇ ಇಲ್ಲಿನ ಬದುಕಿನ ಬಂಡವಾಳವಾಗಿದೆ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಇದೇ ತದಡಿಯಲ್ಲಿ 4000 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ದಂಡೆಯ ಊರುಗಳ ಜನ ಪಟ್ಟುಹಿಡಿದು ವಿರೋಧಿಸಿದ್ದರಿಂದ ಅದು ಕೈಬಿಟ್ಟುಹೋದದ್ದನ್ನು ನೆನೆದರೆ, ಆ ಪಟ್ಟಿಯ ಗೌರವ ಮೊದಲು ಸಲ್ಲಬೇಕಾದದ್ದು ಅಲ್ಲಿನ ಮೀನುಗಾರರಿಗೆ ಮತ್ತು ರೈತರಿಗೆ.

ಚರಿತ್ರೆಯ ವಿವರಗಳು ಸ್ಥೂಲವಾಗಿ ಹೀಗಿವೆ. ಮಹಾಬಲೇಶ್ವರನ ಆತ್ಮಲಿಂಗದ ಪುರಾಣದಿಂದ ಗೋಕರ್ಣ ಪ್ರಾಚೀನ ಕ್ಷೇತ್ರವೆನಿಸಿದೆ. ನದಿಯ ದಡದ ಮಿರ್ಜಾನ್ ಕೋಟೆ 16ನೆಯ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಮತ್ತು ಕಾಳುಮೆಣಸಿನ ವ್ಯಾಪಾರದೊಡನೆ ಹೆಣೆದುಕೊಂಡಿದೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡು ಕರಾವಳಿ ದೇಶದ ರೈಲುಜಾಲಕ್ಕೆ ಸೇರಿತು.

ಕುಮಟೆಯ ವಿಷಯದಲ್ಲಿ ಮಾತ್ರ ಹತ್ತಿಯ ಕಥೆಯನ್ನು ಬಿಡಲಾಗದು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದಾಗಿ ಲಂಕಾಶೈರಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಕಪ್ಪು ಭೂಮಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಮುಂಬಯಿಯ ದಾರಿ ಹಿಡಿಯುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದು ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. 1880ರ ದಶಕದಲ್ಲಿ ಮರ್ಮಗೋವಾ ಬಂದರಿಗೆ ರೈಲು ಹೋದ ಮೇಲೆ ಹತ್ತಿ ಆ ಕಡೆ ತಿರುಗಿ, ಕುಮಟೆಯ ಬಂದರು ಬಡವಾಯಿತು. ಆದರೂ ಪೇಟೆ ಸಾಯಲಿಲ್ಲ. ಹತ್ತಿಯ ಜಾಗಕ್ಕೆ ಘಟ್ಟದ ಅಡಿಕೆ ಬಂದಿತು. ಇಂದಿಗೂ ಕುಮಟೆಯ ಮಾರುಕಟ್ಟೆಯ ಧಾರಣೆ, ಅಂದರೆ ದಿನದ ದರ, ಹಳೆ ಚಾಲಿ, ಹೊಸ ಚಾಲಿ, ಚಿಪ್ಪು, ಕೋಕಾ, ಫ್ಯಾಕ್ಟರಿ ಎಂಬ ವಿಂಗಡಣೆಗಳಲ್ಲಿ ಪ್ರಕಟವಾಗುತ್ತದೆ. ಹಣ್ಣಾದ ಅಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದದ್ದು ಚಾಲಿ. ಉಳಿದವು ಗುಣದಲ್ಲಿ ಅದಕ್ಕಿಂತ ಕೆಳಗಿನ ದರ್ಜೆಗಳು.

ಏಪ್ರಿಲ್ ಮೇ ತಿಂಗಳಲ್ಲಿ ಕುಮಟೆಗೆ ಬಂದವರ ಕಣ್ಣಿಗೆ ಅಡಿಕೆಗಿಂತ ಮೊದಲು ಬೀಳುವುದು ಸಿಹಿ ಈರುಳ್ಳಿ. ಅಳ್ವೇಕೋಡಿ, ಹಂದಿಗೋಣ, ವನ್ನಳ್ಳಿ ಮುಂತಾದ ಊರುಗಳ ಮರಳುಮಿಶ್ರಿತ ಗದ್ದೆಗಳಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ ನಾಟಿ ಮಾಡಿ ಬೇಸಿಗೆಯಲ್ಲಿ ಕೀಳುವ ಈ ಈರುಳ್ಳಿಗೆ ಖಾರ ಕಡಿಮೆ, ಸಿಹಿ ಹೆಚ್ಚು. ಅದನ್ನು ಚೀಲದಲ್ಲಿ ತುಂಬಿ ತೂಗುವುದಿಲ್ಲ. ಒಣಗಿದ ಸೊಪ್ಪನ್ನು ಕತ್ತರಿಸದೆ, ಒಂದರ ಸೊಪ್ಪಿಗೆ ಇನ್ನೊಂದರ ಸೊಪ್ಪನ್ನು ಸೇರಿಸಿ ಜಡೆಯಂತೆ ಹೆಣೆದು, ದಪ್ಪ ಗಡ್ಡೆಗಳು ಕೆಳಗೂ ಸಣ್ಣವು ಮೇಲೂ ಬರುವಂತೆ ಗೊಂಚಲು ಕಟ್ಟಿ, ಹೆದ್ದಾರಿಯ ಬದಿಯ ಚಪ್ಪರದ ಗಳಕ್ಕೆ ತೂಗುಹಾಕುತ್ತಾರೆ. ಗಿರಾಕಿ ಚೌಕಾಸಿ ಮಾಡುತ್ತಿರುವಾಗಲೂ ಹೆಣೆಯುವ ಹೆಂಗಸಿನ ಬೆರಳುಗಳು ನಿಲ್ಲುವುದಿಲ್ಲ. ಗೊಂಚಲನ್ನು ಮನೆಗೆ ಒಯ್ದು ಅಡುಗೆಮನೆಯ ಜಂತಿಗೆ, ಒಲೆಯ ಹೊಗೆ ತಾಗುವ ಕಡೆ ಕಟ್ಟಿದರೆ ಮಳೆಗಾಲದಲ್ಲೂ ಕೆಡುವುದಿಲ್ಲ. ಹೆಣಿಗೆ ಅಂದಕ್ಕಾಗಿ ಹುಟ್ಟಿದ್ದಲ್ಲ, ದಾಸ್ತಾನಿಗಾಗಿ ಹುಟ್ಟಿದ್ದು. ಹೆದ್ದಾರಿ ಅಗಲವಾಗುತ್ತ ವಾಹನಗಳ ವೇಗ ಹೆಚ್ಚಿದಂತೆ ಈ ಚಪ್ಪರಗಳ ಮುಂದೆ ನಿಲ್ಲುವುದು ಗಿರಾಕಿಗೂ ಅಪಾಯ, ಮಾರುವವರಿಗೂ ಅಪಾಯ. ಅವರಿಗಾಗಿ ರಸ್ತೆಯಿಂದ ಸ್ವಲ್ಪ ಒಳಗೆ ಒಂದಿಷ್ಟು ಜಾಗ ಮಾಡಿಕೊಡುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ.

ಪೇಟೆಯ ಅಂಗಡಿ ಕಟ್ಟೆಗಳಲ್ಲಿ ಹೆಚ್ಚು ಕೇಳಿಬರುವ ಅಳಲು ಮಾತ್ರ ಈರುಳ್ಳಿಯದ್ದಾಗಲಿ ಅಡಿಕೆಯದ್ದಾಗಲಿ ಅಲ್ಲ, ಆಸ್ಪತ್ರೆಯದ್ದು. ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕವರನ್ನೂ ಹೃದಯಾಘಾತವಾದವರನ್ನೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಬೇಕಾದ ಸ್ಥಿತಿ ಜಿಲ್ಲೆಯಲ್ಲಿ ಬಹುಕಾಲದಿಂದ ಇದ್ದು, ಎಲ್ಲ ವಿಭಾಗಗಳ ತಜ್ಞರಿರುವ ದೊಡ್ಡ ಆಸ್ಪತ್ರೆ ಬೇಕೆಂಬ ಚಳವಳಿ 2022ರಲ್ಲಿ ಜೋರಾಗಿ ಎದ್ದಿತ್ತು. ದಾರಿಯಲ್ಲೇ ಜೀವ ಹೋದವರ ನೆನಪು ಪ್ರತಿ ಓಣಿಯಲ್ಲೂ ಇರುವುದರಿಂದ, ಭರವಸೆಯ ಮಾತನ್ನು ಇಲ್ಲಿನ ಜನ ಕೇಳಿಸಿಕೊಳ್ಳುತ್ತಾರೆಯೇ ಹೊರತು ನಂಬುವುದಕ್ಕೆ ಅವಸರಪಡುವುದಿಲ್ಲ. ಅವರ ಸಿಟ್ಟು ನ್ಯಾಯವಾದದ್ದು.

ಗೋಕರ್ಣದ ಕಡೆಗೆ ನದಿ ದಾಟಿದರೆ ತೀರ್ಥಯಾತ್ರೆ ಮತ್ತು ವಿಹಾರ ಎಂಬ ಎರಡು ಬಗೆಯ ಪ್ರಯಾಣಗಳು ಒಂದೇ ಕಿರಿದಾದ ರಥಬೀದಿಯಲ್ಲಿ ಹೆಗಲು ತಾಗಿಸಿಕೊಂಡು ಸಾಗುತ್ತವೆ. ಪಿತೃಕಾರ್ಯಕ್ಕೆ ಬಂದ ಕುಟುಂಬ ಕೋಟಿತೀರ್ಥದ ಕಡೆ ತಿರುಗುತ್ತದೆ, ಬೆನ್ನಿಗೆ ಚೀಲ ಹೊತ್ತ ಯುವಕರು ಕುಡ್ಲೆ ಮತ್ತು ಓಂ ಕಡಲತೀರಗಳ ಕಡೆ ಹೋಗುತ್ತಾರೆ. ತೀರಗಳು ಸುಂದರವಾಗಿವೆ, ಗುಡ್ಡದ ತುದಿಯಿಂದ ಓಂ ಆಕಾರದ ಎರಡು ಅರ್ಧಚಂದ್ರಗಳನ್ನು ನೋಡಿದವರು ಅದನ್ನು ಮರೆಯಲಾರರು. ವಾರದ ಕೊನೆಯ ವಾಹನಸಾಲು, ದಂಡೆಯಲ್ಲಿ ಉಳಿಯುವ ಪ್ಲಾಸ್ಟಿಕ್ ಮತ್ತು ಎಚ್ಚರಿಕೆಯ ಫಲಕವನ್ನು ಲೆಕ್ಕಿಸದೆ ನೀರಿಗಿಳಿಯುವವರ ಬಗ್ಗೆ ಈಗಾಗಲೇ ಸಾಕಷ್ಟು ಬರೆಯಲಾಗಿದೆ.

ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಗೋಕರ್ಣದ ಹೊರಗೆ, ಅಳಿವೆಯ ಅಂಚಿನ ಸಾಣಿಕಟ್ಟೆಯಲ್ಲಿದೆ. ಇಲ್ಲಿನ ಉಪ್ಪಿನ ಆಗರ, ಎಂದರೆ ಕಡಲನೀರನ್ನು ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುವ ಗದ್ದೆಗಳ ಹರಹು, ಕನ್ನಡ ಕರಾವಳಿಯ ಹಳೆಯ ಉದ್ಯಮಗಳಲ್ಲಿ ಒಂದು. ಆಗೇರರೆಂಬ ಸಮುದಾಯದ ಪರಂಪರಾಗತ ಕಸುಬೇ ಇದಾಗಿತ್ತು. 1930ರ ಏಪ್ರಿಲ್ 13ರಂದು ನೆರೆಯ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಬಳಿಕ, ಸಾಣಿಕಟ್ಟೆಯ ಆಗರಕ್ಕೂ ಸುಮಾರು 10,000 ಜನ ನುಗ್ಗಿ ಲಾಠಿ ಮತ್ತು ಗುಂಡುಗಳನ್ನು ಎದುರಿಸಿದರೆಂದು ಸ್ವಾತಂತ್ರ್ಯ ಚಳವಳಿಯ ಇತಿಹಾಸಗ್ರಂಥಗಳು ದಾಖಲಿಸಿವೆ. ಈಗ ಆಗರವನ್ನು ನಡೆಸುತ್ತಿರುವುದು ನಾಗರಬೈಲ ಉಪ್ಪು ಮಾಲಿಕರ ಸಹಕಾರಿ ಸಂಘ.

ಕೆಲಸದ ಕ್ರಮವನ್ನು ಆಗರದ ಏರಿಯ ಮೇಲೆ ಮಾತಿಗೆ ಸಿಗುವ ಹಿರಿಯ ಕೆಲಸಗಾರರೊಬ್ಬರು, ಕೇಳಿದ್ದಕ್ಕಿಂತ ಹೆಚ್ಚು ಉತ್ಸಾಹದಿಂದ, ಕೈಯಲ್ಲಿನ ಹಲಿಗೆಯಿಂದ ನೆಲದ ಮೇಲೆ ಗೆರೆ ಎಳೆದು ವಿವರಿಸುತ್ತಾರೆ. ಮಳೆ ನಿಂತ ಮೇಲೆ ಏರಿಗಳನ್ನು ಸರಿಪಡಿಸಿ, ಪಾತಿಗಳ ಜೇಡಿಮಣ್ಣನ್ನು ಕಾಲಿನಿಂದ ತುಳಿದು, ಮರದ ಹಲಿಗೆಯಿಂದ ಬಡಿದು, ನೀರು ಕೆಳಗಿಳಿಯದಷ್ಟು ಗಟ್ಟಿ ಮಾಡಬೇಕು. ಭರತದ ಹೊತ್ತಿಗೆ ತೂಬು ತೆರೆದು ಅಳಿವೆಯ ನೀರನ್ನು ದೊಡ್ಡ ಕೊಳಕ್ಕೆ ತುಂಬಿಸಿ, ಅಲ್ಲಿಂದ ಒಂದಾದ ಮೇಲೊಂದು ಗದ್ದೆಗೆ ಹಾಯಿಸುತ್ತ ಹೋದಂತೆ ಬಿಸಿಲು ಮತ್ತು ಗಾಳಿ ಅದನ್ನು ಗಟ್ಟಿಗೊಳಿಸುತ್ತವೆ. ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಅನಂತರವೇ ಕೊನೆಯ ಪಾತಿಗಳಲ್ಲಿ ಉಪ್ಪು ಹರಳುಗಟ್ಟುತ್ತದೆ, ಅದಕ್ಕೂ ಮೇಲೆ ಉಳಿಯುವ ಕಹಿನೀರನ್ನು ಹೊರಬಿಡಬೇಕು. ತಡಮಾಡಿದರೆ ಮೆಗ್ನೀಸಿಯಮ್ ಲವಣಗಳು ಸೇರಿ ಉಪ್ಪೇ ಕಹಿಯಾಗುತ್ತದೆ. ಎಳೆಯುವ ಹೊತ್ತು ಬಂದಿತೆಂಬುದು ನೀರಿನ ಮೇಲೆ ತೇಲುವ ತೆಳು ಕೆನೆಯಿಂದಲೂ ಅಂಗಾಲಿಗೆ ತಾಗುವ ಹರಳಿನ ಗಾತ್ರದಿಂದಲೂ ತಿಳಿಯುತ್ತದೆಂದು ಅವರು ಹೇಳುತ್ತಾರೆ. ಉದ್ದ ಹಿಡಿಯ ಹಲಿಗೆಯನ್ನು ಹೆಚ್ಚು ಒತ್ತಿ ಎಳೆದರೆ ತಳದ ಮಣ್ಣು ಎದ್ದು ಉಪ್ಪು ಕೆಂಪಾಗುತ್ತದೆ, ಹಗುರವಾಗಿ ಎಳೆದರೆ ಅರ್ಧ ಉಪ್ಪು ಹಿಂದೆಯೇ ಉಳಿಯುತ್ತದೆ. ಈ ಎರಡರ ನಡುವಿನ ಅಂದಾಜು ಕೈಗೆ ಬರಲು ಹಲವು ಬೇಸಿಗೆಗಳೇ ಬೇಕು. ಬಿಸಿಲಿಗೆ ಹೊಳೆಯುವ ಪಾತಿಯ ಎದುರು ದಿನವಿಡೀ ಬಾಗಿ ನಿಂತವರ ಕಣ್ಣೂ ಕಾಲೂ ತೆರುವ ಬೆಲೆಯನ್ನು ಉಪ್ಪಿನ ದರ ಯಾವ ಕಾಲಕ್ಕೂ ತೀರಿಸಿಲ್ಲ.

ಈ ಕಸುಬು ಕುಗ್ಗಲು ಕಾರಣಗಳು ಸ್ಪಷ್ಟವಾಗಿವೆ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಗುಜರಾತ್ ಒಂದೇ ತಯಾರಿಸುತ್ತದೆ. ಅಲ್ಲಿನ ವಿಸ್ತಾರವಾದ ಆಗರಗಳೊಡನೆ ಅಳಿವೆಯ ಅಂಚಿನ ಸಣ್ಣ ಪಾತಿಗಳು ದರದಲ್ಲಿ ಸ್ಪರ್ಧಿಸಲಾರವು. ಗಳಗಂಡ ರೋಗವನ್ನು ತಡೆಯುವ ಉದ್ದೇಶದಿಂದ, ಅಯೋಡಿನ್ ಬೆರೆಸದ ಉಪ್ಪನ್ನು ನೇರ ಆಹಾರಬಳಕೆಗೆ ಮಾರುವುದನ್ನು 2006ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಆ ನಿಯಮದ ಉದ್ದೇಶ ಸರಿಯಾದದ್ದೇ, ಆದರೆ ಮಲೆನಾಡಿನ ಉಪ್ಪಿನಕಾಯಿ ಭರಣಿಗೂ ದಂಡೆಯ ಒಣಮೀನಿಗೂ ದಪ್ಪ ಹರಳಿನ ಉಪ್ಪೇ ಬೇಕೆನ್ನುವ ಹಳೆಯ ಗಿರಾಕಿಯ ಮತ್ತು ಆಗರದ ನಡುವೆ ಅದು ಒಂದು ಅಂತರವನ್ನು ತಂದಿಟ್ಟಿತು. ಮಾರ್ಚ್ ಏಪ್ರಿಲ್‌ನಲ್ಲಿ ಬೀಳುವ ಅಕಾಲದ ಮಳೆಯಂತೂ ಒಂದೇ ಸಂಜೆಯಲ್ಲಿ ವಾರಗಳ ದುಡಿಮೆಯನ್ನು ಕರಗಿಸಿಬಿಡುತ್ತದೆ.

ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಗೆ ಸಮಾನವಾದ ಆಡಳಿತ ಪ್ರದೇಶದಲ್ಲಿ, ವಿಹಾರಧಾಮವಿರುವ ಸೀಮೆಯಲ್ಲೇ ಅಳಿವೆಯ ಉಪ್ಪೂ ಹೆಸರು ಗಳಿಸಿದ್ದಕ್ಕೆ ಹತ್ತಿರದ ಉದಾಹರಣೆ ಇದೆ. ಸೌತೆಂಡ್ ಎಂಬ ಕಡಲತೀರದ ವಿಹಾರಧಾಮ ಎರಡು ಕಿಲೋಮೀಟರಿಗೂ ಉದ್ದವಾದ ತನ್ನ ವಿಹಾರಕಟ್ಟೆಯಿಂದ ಪ್ರಸಿದ್ಧವಾಗಿದ್ದರೆ, ಅದೇ ಕೌಂಟಿಯ ಬ್ಲ್ಯಾಕ್‌ವಾಟರ್ ಅಳಿವೆಯ ತಲೆಯಲ್ಲಿರುವ ಮಾಲ್ಡನ್ ಎಂಬ ಸಂತೆಪಟ್ಟಣ ಉಪ್ಪಿನಿಂದ ಹೆಸರಾಗಿದೆ. 1882ರಲ್ಲಿ ಆರಂಭವಾದ ಅಲ್ಲಿನ ಉಪ್ಪಿನ ಕಂಪನಿ ಅಳಿವೆಯ ನೀರನ್ನು ಕಾಯಿಸಿ ತೆಗೆಯುವ ಪದರು ಪದರಾದ ಉಪ್ಪು ಸಣ್ಣ ಪೆಟ್ಟಿಗೆಗಳಲ್ಲಿ, ಊರಿನ ಹೆಸರಿನೊಡನೆ, ಲೋಕದ ನಾನಾ ಕಡೆ ಮಾರಾಟವಾಗುತ್ತದೆ. ಇಂಧನ ಸುಡದೆ ಬಿಸಿಲಿನಿಂದಲೇ ಹರಳುಗಟ್ಟುವ ಸಾಣಿಕಟ್ಟೆಯ ಉಪ್ಪಿಗೆ ಅಂಥ ಪೆಟ್ಟಿಗೆಯೂ ಇಲ್ಲ, ಗೋಕರ್ಣದ ರಥಬೀದಿಯಲ್ಲಿ ಶಂಖ ಮತ್ತು ಮಣಿಸರಗಳ ಪಕ್ಕ ಎದ್ದು ಕಾಣುವ ಸ್ಥಾನವೂ ಇಲ್ಲ. ಅಂಕೋಲೆಯ ಕರಿಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು, ಅಂದರೆ ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಕಾನೂನಿನ ಮುದ್ರೆ ದೊರೆತಿರುವಾಗ, ಸಾಣಿಕಟ್ಟೆಯ ಉಪ್ಪು ಆ ಗೌರವಕ್ಕೆ ಅದಕ್ಕಿಂತ ಕಡಿಮೆ ಅರ್ಹವಲ್ಲ.

ಆಗರದಾಚೆ ಅಳಿವೆಯ ಉಳಿದ ಕೆಲಸಗಳೂ ನಡೆಯುತ್ತವೆ. ಇಳಿತದ ಹೊತ್ತಿನಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು, ಕೆಸರನ್ನು ಕಾಲಿನಿಂದ ತಡವಿ ಬೆಳಚನ್ನು ಬುಟ್ಟಿಗೆ ತುಂಬುವವರಲ್ಲಿ ಹೆಂಗಸರೂ ಗಂಡಸರೂ ಇದ್ದಾರೆ. ಗಜನಿ ಎಂದು ಕರೆಯುವ ಒಡ್ಡು ಕಟ್ಟಿದ ಹಿನ್ನೀರಿನ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತದ ತಳಿ ಮಾಣಿಕಟ್ಟೆಯ ಕಡೆ ಇನ್ನೂ ಉಳಿದಿದೆ. ತೆನೆಯನ್ನಷ್ಟೇ ಕೊಯ್ದು ಬಿಟ್ಟ ಹುಲ್ಲು ಕೊಳೆತು ಸೀಗಡಿಗೂ ಮೀನಿಗೂ ಆಹಾರವಾಗುತ್ತದೆ. ಅನೇಕ ಗಜನಿಗಳು ಭತ್ತವನ್ನು ಬಿಟ್ಟು ಸೀಗಡಿಯನ್ನೇ ನೆಚ್ಚಿಕೊಂಡ ಮೇಲೆ ಕಗ್ಗದ ಬೀಜವನ್ನು ಕಾಪಾಡುವ ಭಾರ ಕೆಲವೇ ಊರುಗಳ ಮೇಲೆ ಬಿದ್ದಿದೆ.

ಜೂನ್ ತಿಂಗಳ ಮೊದಲ ಮಳೆಗೆ ಮುನ್ನ ಉಪ್ಪನ್ನೆಲ್ಲ ಕೋಠಿಗೆ ಸೇರಿಸಿಯಾಗಬೇಕು. ಆ ಬಳಿಕ ಪಾತಿಗಳು ಹೊಳೆಯ ನೀರಿನಡಿ ಮುಳುಗುತ್ತವೆ, ಕೆಲಸಗಾರರು ಗದ್ದೆನಾಟಿಗೂ ದೋಣಿಗೂ ಕಟ್ಟಡದ ಕೆಲಸಕ್ಕೂ ಚದುರುತ್ತಾರೆ. ಮೆದುಮಣ್ಣಿನ ತಳವನ್ನು ಕೆಡಿಸದೆ ತುಳಿದು ಬಡಿದು ಕೊಡುವ ಯಂತ್ರ ಆಗರದಲ್ಲಿಲ್ಲ. ಏರಿಯ ಮೇಲಿನ ಹಿರಿಯ ಕೆಲಸಗಾರರ ಲೆಕ್ಕದಲ್ಲಿ, ಮಳೆಗಾಲ ಕಳೆದು ಪಾತಿ ಕಟ್ಟಲು ಮರಳಿ ಬರುವವರಲ್ಲಿ ಎಳೆಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಸ್ವಂತ ಮನೆಯ ಮುಂದಿನ ತಲೆಮಾರು ಗೋಕರ್ಣದ ವಸತಿಗೃಹಗಳಲ್ಲಿ ಸಂಬಳಕ್ಕಿದೆ.