ನೀರಿನಡಿಯ ಊರಿಗೆ ನಾಲ್ಕು ದಿನ

ರಜೆ ಬಂತೆಂದರೆ ಪೂರ್ವಜರ ಊರಿಗೆ ಹೋಗಿಬರುವುದು ನಮ್ಮ ಮಧ್ಯಮ ವರ್ಗದ ಹಳೆಯ ರೂಢಿ. ಹೆಚ್ಚಿನವರಿಗೆ ಅಲ್ಲಿ ಒಂದು ಹಳೆಯ ಮನೆ, ಒಂದು ದೇವಸ್ಥಾನ, ಅಜ್ಜನ ಹೆಸರು ಹೇಳಿದರೆ ಗುರುತು ಹಿಡಿಯುವ ನಾಲ್ಕು ಮಂದಿ ಇರುತ್ತಾರೆ. ಶರಾವತಿ ಕೊಳ್ಳದಿಂದ ಹೊರಬಂದ ನನ್ನಂಥ ಅನೇಕರಿಗೆ ಆ ಭಾಗ್ಯವಿಲ್ಲ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಾಗ ನನ್ನ ಅಜ್ಜನ ಮನೆಯೂ ಅಡಿಕೆ ತೋಟವೂ ನೀರಿನಡಿ ಸೇರಿದವು. ಹೀಗಾಗಿ ಕಳೆದ ಡಿಸೆಂಬರ್‌ನಲ್ಲಿ ನಾನೂ ನನ್ನ ಪತ್ನಿಯೂ ಸಾಗರ ತಾಲ್ಲೂಕಿನ ತುಮರಿ ಸೀಮೆಯಲ್ಲಿ ನಾಲ್ಕು ದಿನ ಕಳೆದಾಗ, ಇಳಿದುಕೊಂಡದ್ದು ಒಂದು ಹೋಂಸ್ಟೇಯಲ್ಲಿ.

ಆತಿಥ್ಯದಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೆಳಿಗ್ಗೆ ತೆಳ್ಳೇವಿಗೆ ಜೋನಿಬೆಲ್ಲ, ಮಧ್ಯಾಹ್ನ ಊಟಕ್ಕೆ ತಂಬುಳಿ. ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೂ ಅಡಿಕೆ ಸುಲಿಯುತ್ತಿದ್ದರು. ಧಾರವಾಡದಲ್ಲಿ ಬೆಳೆದ ನನ್ನ ಪತ್ನಿಗೆ ಇದೆಲ್ಲ ಹೊಸದು. ಹಿನ್ನೀರಿನ ದಂಡೆಯಲ್ಲಿ ನಿಂತಾಗ ಆಕೆ, “ನಿಮ್ಮೂರು ಯಾವ ಕಡೆ ಬರತದರೀ?” ಎಂದು ಕೇಳಿದಳು. ತಂದೆಯವರು ಗುರುತು ಹೇಳಿದ್ದ ಗುಡ್ಡದ ಆಚೆ, ನೀರಿನತ್ತ ಕೈ ತೋರಿಸಿದೆ. ಗುಡ್ಡಗಳ ನೆತ್ತಿಗಳು ದ್ವೀಪಗಳಾಗಿ ನಿಂತಿರುವ ಆ ನೋಟ ನಿಜಕ್ಕೂ ಮನೋಹರ. ಈಗ ಪ್ರವಾಸಿಗರನ್ನು ಅಲ್ಲಿಗೆ ಕರೆತರುತ್ತಿರುವುದೂ ಅದೇ ನೋಟ.

ಈ ಸೌಂದರ್ಯದ ಹಿಂದಿರುವ ಲೆಕ್ಕವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿ ನೋಡದಿರಲಾರ. 1,819 ಅಡಿ ಗರಿಷ್ಠ ಮಟ್ಟದ ಈ ಜಲಾಶಯ ಸುಮಾರು 300 ಚದರ ಕಿ.ಮೀ. ಪ್ರದೇಶವನ್ನು ಆವರಿಸುತ್ತದೆ. ಇದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಾಡಿನ ಕೈಗಾರಿಕೆಗಳೂ ನಗರಗಳೂ ಬೆಳೆದದ್ದು ಈ ವಿದ್ಯುತ್ತಿನ ಬಲದಿಂದ. ಅದರ ಬೆಳಕಿನಲ್ಲಿ ಓದಿ ಉದ್ಯೋಗ ಪಡೆದವರಲ್ಲಿ ನಾನೂ ಒಬ್ಬ. ಕಾಲ್ಡರ್ ಮತ್ತು ಹಿಕ್ಸ್ ಎಂಬ ಅರ್ಥಶಾಸ್ತ್ರಜ್ಞರು 1939ರಲ್ಲಿ ಒಂದು ಮಾನದಂಡವನ್ನು ಮಂಡಿಸಿದರು. ಲಾಭ ಪಡೆದವರು ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಟ್ಟ ಮೇಲೂ ಲಾಭ ಉಳಿಯುವಂತಿದ್ದರೆ ಆ ಯೋಜನೆ ಸಮರ್ಥನೀಯ ಎಂಬುದು ಅದರ ಸಾರ. ಆದರೆ ಪರಿಹಾರವನ್ನು ವಾಸ್ತವವಾಗಿ ಕೊಡಲೇಬೇಕೆಂದು ಆ ಮಾನದಂಡ ವಿಧಿಸುವುದಿಲ್ಲ. ಕೊಡಲು ಸಾಧ್ಯವಿದ್ದರೆ ಸಾಕು. ಶರಾವತಿಯ ಮುಳುಗಡೆ ಸಂತ್ರಸ್ತರು ಆರು ದಶಕಗಳಿಂದ ಬದುಕುತ್ತಿರುವುದು ‘ಕೊಡಬಹುದು’ ಮತ್ತು ‘ಕೊಟ್ಟಿದೆ’ ಎಂಬ ಎರಡು ಮಾತುಗಳ ನಡುವಿನ ಅಂತರದಲ್ಲಿ.

ಮನೆ ಕಳೆದುಕೊಂಡ ಕುಟುಂಬಗಳಲ್ಲಿ ಅನೇಕವನ್ನು ಶಿವಮೊಗ್ಗ ಜಿಲ್ಲೆಯ ಅರಣ್ಯ ಭೂಮಿಯಲ್ಲಿ ನೆಲೆಗೊಳಿಸಲಾಯಿತು. ಆ ಭೂಮಿಯನ್ನು ಅರಣ್ಯದ ದಾಖಲೆಗಳಿಂದ ಕೈಬಿಡುವ ಕಾರ್ಯ ಮಾತ್ರ ಹಲವೆಡೆ ಪೂರ್ಣಗೊಳ್ಳಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದ ಮೇಲೆ ಅದಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಈ ಅನುಮತಿಯಿಲ್ಲದೆ ರಾಜ್ಯ ಹೊರಡಿಸಿದ್ದ ಡಿನೋಟಿಫಿಕೇಷನ್ ಆದೇಶಗಳನ್ನು ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ಕಡತ ಮತ್ತೆ ಮೊದಲಿನ ಮೇಜಿಗೆ ಮರಳಿತು. ಕಡತಗಳ ನಡುವೆಯೇ ಜೀವನ ಸವೆಸಿದ ನನಗೆ, ಅರ್ಧಕ್ಕೆ ನಿಂತ ಒಂದು ಕಡತ ಮೂರು ತಲೆಮಾರುಗಳನ್ನು ಹೇಗೆ ಕಟ್ಟಿಹಾಕಬಲ್ಲದು ಎಂಬುದು ಗೊತ್ತು.

ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ನೋವಿಗೆ ಮಾತು ಕೊಟ್ಟರು. ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರ 2002ರಲ್ಲಿ ಅದನ್ನು ನಾಡಿನಾಚೆಗೂ ಒಯ್ದಿತು. ನಾವು ಓದಿದೆವು, ನೋಡಿದೆವು, ಮೆಚ್ಚಿದೆವು. ದಾಖಲೆ ಮಾತ್ರ ಇದ್ದಲ್ಲೇ ಉಳಿಯಿತು.

ಹಿನ್ನೀರಿನಿಂದಾಗಿ ದ್ವೀಪದಂತಾಗಿದ್ದ ಈ ಸೀಮೆಗೆ ದಶಕಗಳ ಕಾಲ ಲಾಂಚೇ ಆಧಾರವಾಗಿತ್ತು. ಅದು ನಿಂತ ಮೇಲೆ ರಾತ್ರಿ ಕಾಯಿಲೆ ಬಿದ್ದವರ ಪಾಡೇನು ಎಂಬುದನ್ನು ಊಹಿಸಬಹುದು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಎರಡು ಕಿ.ಮೀ.ಗೂ ಹೆಚ್ಚು ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ, ಅಣೆಕಟ್ಟೆಯಾದ 61 ವರ್ಷಗಳ ನಂತರ. ಈಗ ಅದೇ ಸೇತುವೆಯ ಮೇಲೆ ನಮ್ಮಂಥವರ ಕಾರುಗಳೂ ಬರುತ್ತಿವೆ.

ಅಡಿಕೆ ಸುಲಿಯಲು ಬರುತ್ತಿದ್ದ ವೃದ್ಧೆಯೊಬ್ಬರು ನನ್ನ ಪತ್ನಿಯ ಬಳಿ ಹೇಳಿದರಂತೆ: “ನಮ್ಮ ಹುಡುಗನೂ ಇಂಥಾದ್ದೇ ಎರಡು ಕೋಣೆ ಮಾಡ್ತೀನಿ ಅಂತಾನೆ ಅಮ್ಮಾ. ಸಾಲ ಕೇಳಿದ್ರೆ ಪಹಣಿ ತಗೊಂಡು ಬಾ ಅಂತಾರೆ. ಎಲ್ಲಿಂದ ತರೋದು?” ಪ್ರವಾಸೋದ್ಯಮದಿಂದ ಗ್ರಾಮೀಣಾಭಿವೃದ್ಧಿ ಎಂಬ ಮಾತಿಗೆ ಇದಕ್ಕಿಂತ ತೀಕ್ಷ್ಣವಾದ ಟಿಪ್ಪಣಿಯನ್ನು ನಾನು ಯಾವ ವರದಿಯಲ್ಲೂ ಓದಿಲ್ಲ. ರಸ್ತೆ ಬಂದಾಗ ಭೂಮಿಯ ಬೆಲೆ ಏರುತ್ತದೆ; ಏರಿದ ಬೆಲೆ ಸಲ್ಲುವುದು ದಾಖಲೆ ಇದ್ದವನಿಗೆ. ಹಕ್ಕುಪತ್ರವಿಲ್ಲದವನು ತನ್ನ ಅಂಗಳದ ಮುಂದೆಯೇ ಹೊರಗಿನ ಬಂಡವಾಳದ ಕೂಲಿಯಾಗಬೇಕಾಗುತ್ತದೆ.

ಆದ್ದರಿಂದ ರೆಸಾರ್ಟುಗಳಿಗೆ ಅನುಮತಿ ನೀಡುವ ಮುನ್ನ ಆಗಬೇಕಾದ ಕೆಲಸ ಬೇರೆ ಇದೆ. ಪುನರ್ವಸತಿ ಭೂಮಿಯ ಸರ್ವೆಯನ್ನು ಕಾಲಮಿತಿಯಲ್ಲಿ ಮುಗಿಸಿ, ಕೇಂದ್ರದ ಅನುಮತಿ ಪಡೆದು, ಕಾನೂನಿನ ಪರೀಕ್ಷೆಯಲ್ಲಿ ನಿಲ್ಲುವ ಹಕ್ಕುಪತ್ರ ಕೊಡಬೇಕು. ಅರಣ್ಯಕ್ಕೆ ಇದರಿಂದ ಹಾನಿಯಾಗದು. ಆ ಜಮೀನು ಕಾಡಾಗಿ ಉಳಿದಿರುವುದು ಕಾಗದದಲ್ಲಿ ಮಾತ್ರ. ನಾಡು ಶರಾವತಿಯಿಂದ ಈಗಾಗಲೇ ವಿದ್ಯುತ್ ಪಡೆದಿದೆ, ಈಗ ವಿಹಾರವನ್ನೂ ಪಡೆಯುತ್ತಿದೆ. ಮೊದಲ ಸಾಲವೇ ತೀರದಿರುವಾಗ ಅದೇ ಜನರ ಹೆಸರಿನಲ್ಲಿ ಎರಡನೆಯ ಸಾಲ ಎತ್ತುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವ ಕ್ರಮವಲ್ಲ.