ಗೇಟು ತೆರೆದರೂ ಕದಲದ ನಾಯಿ: ‘ಸ್ಟೇ’ ಪಾಠ ಕಲಿಸುವ ಬಗೆ

ಚಿಕ್ಕಬಳ್ಳಾಪುರ: ಮನೆಯ ಹಜಾರದಲ್ಲಿ ‘ಸ್ಟೇ’ ಎಂದೊಡನೆ ಕಲ್ಲಿನ ಬಸವನಂತೆ ಕುಳಿತುಬಿಡುವ ನಾಯಿ, ಹಾಲಿನವರು ಗೇಟು ತೆರೆದ ಮರುಕ್ಷಣವೇ ರಸ್ತೆಯಲ್ಲಿರುತ್ತದೆ. ಸಾಕುನಾಯಿ ಇರುವ ಅನೇಕ ಮನೆಗಳಲ್ಲಿ ಇದು ಪರಿಚಿತ ದೃಶ್ಯ. ‘ಹೇಳಿದ ಮಾತು ಕೇಳುವುದಿಲ್ಲ’, ‘ಬೇಕೆಂದೇ ಓಡುತ್ತದೆ’ ಎಂಬ ದೂರೂ ಅಷ್ಟೇ ಪರಿಚಿತ. ಆದರೆ ನಾಯಿ ಮಾತು ಮೀರಿರುವುದಿಲ್ಲ. ಹಜಾರದಲ್ಲಿ ಕಲಿತ ಪಾಠವನ್ನು ಗೇಟಿನ ಬಳಿ ಅದಕ್ಕೆ ಯಾರೂ ಕಲಿಸಿರುವುದಿಲ್ಲ, ಅಷ್ಟೆ.

ಇದು ಕೇವಲ ಶಿಸ್ತಿನ ಪ್ರಶ್ನೆಯಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 69ರ ಮೇಲಿವೆ. ಚಿಕ್ಕಬಳ್ಳಾಪುರದ ಪಕ್ಕದಲ್ಲಿ ಬೆಂಗಳೂರು–ಹೈದರಾಬಾದ್ ನಡುವಿನ ಹೆದ್ದಾರಿ 44 ಕೂಡ ಹಾದುಹೋಗುತ್ತದೆ. ಇಂತಹ ಊರುಗಳಲ್ಲಿ ರಸ್ತೆಗೆ ನುಗ್ಗಿದ ನಾಯಿ ತಾನು ವಾಹನಕ್ಕೆ ಸಿಲುಕಬಹುದು. ದ್ವಿಚಕ್ರ ವಾಹನ ಸವಾರನನ್ನು ಕೆಡವಲೂಬಹುದು. ಬೀದಿನಾಯಿಗಳೊಡನೆ ಕಾದಾಟಕ್ಕಿಳಿದರೆ ಗಾಯದ ಜೊತೆಗೆ ರೇಬಿಸ್ ಭಯವೂ ಇದೆ. ಗೇಟು ಮತ್ತು ರಸ್ತೆಯ ನಡುವಿನ ಎರಡು ಸೆಕೆಂಡುಗಳಲ್ಲಿ ನಾಯಿಯನ್ನು ಹಿಡಿದು ನಿಲ್ಲಿಸಬಲ್ಲ ಪಾಠವೇ ‘ಸ್ಟೇ’.

ಮೂರು ಅಂಶಗಳ ಲೆಕ್ಕ

ಕುಳಿತ ಅಥವಾ ಮಲಗಿದ ಭಂಗಿಯಲ್ಲಿ, ಬಿಡುಗಡೆಯ ಮಾತು ಕೇಳುವವರೆಗೆ ನಾಯಿ ಅಲ್ಲಿಯೇ ಇರುವುದು ಈ ಪಾಠದ ಅರ್ಥ. ಇದರಲ್ಲಿ ಮೂರು ಅಂಶಗಳಿವೆ. ಎಷ್ಟು ಹೊತ್ತು ಇರಬೇಕು ಎಂಬ ಅವಧಿ, ಮಾಲೀಕ ಎಷ್ಟು ದೂರ ಹೋಗುತ್ತಾನೆ ಎಂಬ ಅಂತರ, ಸುತ್ತ ಏನು ನಡೆಯುತ್ತಿದೆ ಎಂಬ ಸೆಳೆತ. ಇವುಗಳಲ್ಲಿ ಒಂದನ್ನು ಹೆಚ್ಚಿಸುವಾಗ ಉಳಿದೆರಡನ್ನು ತಗ್ಗಿಸಬೇಕು ಎಂಬುದು ತರಬೇತಿಯ ಮೂಲಸೂತ್ರ.

ಹೆಚ್ಚಿನವರು ಎಡವುವುದು ಇಲ್ಲಿಯೇ. ಹಜಾರದಲ್ಲಿ ಒಂದು ನಿಮಿಷ ಕುಳಿತ ನಾಯಿಯನ್ನು ಮರುದಿನವೇ ಬೀದಿಗೆ ಕರೆದೊಯ್ದು, ಹತ್ತು ಅಡಿ ದೂರ ನಿಂತು, ಎದುರಿಗೆ ಇನ್ನೊಂದು ನಾಯಿ ಬರುತ್ತಿರುವಾಗ ಅದೇ ಒಂದು ನಿಮಿಷವನ್ನು ನಿರೀಕ್ಷಿಸುತ್ತಾರೆ. ಒಂದೇ ದಿನದಲ್ಲಿ ಮೂರೂ ಅಂಶಗಳು ಏರಿಬಿಟ್ಟಿರುತ್ತವೆ. ಒಂದು ಸ್ಥಳದಲ್ಲಿ ಕಲಿತದ್ದನ್ನು ಇನ್ನೊಂದು ಸ್ಥಳಕ್ಕೆ ತಾನಾಗಿಯೇ ಅನ್ವಯಿಸಿಕೊಳ್ಳುವುದು ನಾಯಿಗೆ ಸುಲಭವಲ್ಲ. ಪ್ರತಿ ಹೊಸ ಜಾಗದಲ್ಲಿಯೂ ಪಾಠವನ್ನು ಕೆಳಗಿನ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ. ಎರಡನೆಯ ಜಾಗದಲ್ಲಿ ಕಲಿಕೆ ತುಸು ಬೇಗ ಆಗುತ್ತದೆ, ಐದನೆಯ ಜಾಗದಲ್ಲಿ ಇನ್ನೂ ಬೇಗ.

ಮೊದಲ ಪಾಠ ಮನೆಯೊಳಗೆ

ಆರಂಭಕ್ಕೆ ಸದ್ದುಗದ್ದಲವಿಲ್ಲದ ಕೋಣೆ ಸಾಕು. ನಾಯಿಯನ್ನು ಕೂರಿಸಿ, ಅಂಗೈ ತೋರಿಸಿ, ಒಮ್ಮೆ ಮಾತ್ರ ‘ಸ್ಟೇ’ ಎನ್ನಬೇಕು. ಎರಡು ಸೆಕೆಂಡು ಕಳೆದೊಡನೆ, ಅದು ಕುಳಿತಿರುವಾಗಲೇ, ತಿನಿಸಿನ ಒಂದು ಸಣ್ಣ ಚೂರನ್ನು ಅದರ ಬಾಯಿಗೆ ತಲುಪಿಸಬೇಕು. ನಂತರ ಬಿಡುಗಡೆಯ ಮಾತು ಹೇಳಬೇಕು. ಬಹುಮಾನ ಸಿಗುವುದು ಎದ್ದದ್ದಕ್ಕಲ್ಲ, ಕುಳಿತದ್ದಕ್ಕೆ ಎಂಬುದು ನಾಯಿಗೆ ಸ್ಪಷ್ಟವಾಗಬೇಕಾದರೆ ತಿನಿಸು ಬಿಡುಗಡೆಗೆ ಮುಂಚೆಯೇ ಬರಬೇಕು.

ಅವಧಿಯನ್ನು ಏರುಮುಖವಾಗಿಯೇ ಹೆಚ್ಚಿಸುತ್ತ ಹೋಗುವುದೂ ಸರಿಯಲ್ಲ. ಎರಡು, ನಾಲ್ಕು, ಮೂರು, ಆರು, ನಾಲ್ಕು, ಎಂಟು ಸೆಕೆಂಡು ಎಂಬಂತೆ ಏರಿಳಿತವಿದ್ದರೆ ನಾಯಿ ಬೇಸರಗೊಳ್ಳುವುದಿಲ್ಲ. ಪ್ರತಿ ಸಲವೂ ಪಾಠ ಕಠಿಣವಾಗುತ್ತದೆಂದು ಹಿಂಜರಿಯುವುದೂ ಇಲ್ಲ. ಒಂದು ಪಾಠಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಅಥವಾ ಮೂರು ಸಲ ಸಾಕಾಗುತ್ತದೆ.

ನಾಯಿಯನ್ನು ದೂರದಿಂದ ಕರೆದು ಬಹುಮಾನ ಕೊಡುವ ಅಭ್ಯಾಸ ಆರಂಭದಲ್ಲಿ ಬೇಡ. ಮಾಲೀಕನೇ ಮರಳಿ ಬಂದು ತಿನಿಸು ಕೊಡಬೇಕು. ಕರೆ ಬರುತ್ತದೆಂದು ನಿರೀಕ್ಷಿಸುವ ನಾಯಿ ಓಡಲು ಸಿದ್ಧವಾಗಿ ಕುಳಿತಿರುತ್ತದೆ. ಮಾಲೀಕ ಬರುತ್ತಾನೆಂದು ತಿಳಿದ ನಾಯಿ ನೆಮ್ಮದಿಯಿಂದ ಕಾಯುತ್ತದೆ.

ಮನೆಮಂದಿಗೆಲ್ಲ ಒಂದೇ ಮಾತು

ಆಂಧ್ರದ ಗಡಿಗೆ ಹೊಂದಿಕೊಂಡ ಈ ಜಿಲ್ಲೆಯ ಅನೇಕ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಬಳಕೆಯಲ್ಲಿವೆ. ಮಗ ‘ಸ್ಟೇ’ ಎಂದರೆ, ತಾಯಿ ‘ಇರು’ ಎನ್ನುತ್ತಾರೆ, ಅಜ್ಜಿ ತೆಲುಗಿನಲ್ಲಿ ‘ಉಂಡು’ ಎನ್ನುತ್ತಾರೆ. ಯಾವ ಭಾಷೆಯ ಮಾತಾದರೂ ನಾಯಿಗೆ ಅಡ್ಡಿಯಿಲ್ಲ. ಒಂದೇ ಕೆಲಸಕ್ಕೆ ಮೂರು ಮಾತುಗಳಿದ್ದರೆ ಮಾತ್ರ ಕಲಿಕೆ ನಿಧಾನವಾಗುತ್ತದೆ. ಮನೆಯವರೆಲ್ಲ ಕೂಡಿ ಒಂದು ಮಾತನ್ನು, ಒಂದು ಕೈಸನ್ನೆಯನ್ನು ನಿಶ್ಚಯಿಸಿಕೊಳ್ಳುವುದು ಮೇಲು.

ಬಿಡುಗಡೆಯ ಮಾತಿನ ಆಯ್ಕೆಯಲ್ಲಿ ಇನ್ನೂ ಎಚ್ಚರ ಬೇಕು. ‘ಸರಿ’, ‘ಆಯ್ತು’, ‘ಓಕೆ’ ಎಂಬ ಮಾತುಗಳು ಮೊಬೈಲ್ ಸಂಭಾಷಣೆಯಲ್ಲಿ ಹತ್ತಾರು ಬಾರಿ ಬರುತ್ತವೆ. ಮಾಲೀಕ ಫೋನಿನಲ್ಲಿ ‘ಆಯ್ತು’ ಎಂದದ್ದನ್ನೇ ಅಪ್ಪಣೆಯೆಂದು ತಿಳಿದು ನಾಯಿ ಎದ್ದು ಹೋದರೆ ಅದರ ತಪ್ಪೇನೂ ಇಲ್ಲ. ‘ಹೊರಡು’ ಎಂಬಂತಹ, ಮನೆಯಲ್ಲಿ ಅಪರೂಪಕ್ಕೆ ಕೇಳಿಬರುವ ಮಾತು ಉತ್ತಮ.

ಸೆಳೆತದ ಮೆಟ್ಟಿಲುಗಳು

ನಾಯಿ ಮನೆಯೊಳಗೆ ಅರ್ಧ ನಿಮಿಷ ಕದಲದೆ ಕೂರುವಂತಾದ ಮೇಲೆ ಸೆಳೆತವನ್ನು ಪರಿಚಯಿಸಬಹುದು. ಆಗ ಅವಧಿಯನ್ನು ಮತ್ತೆ ಎರಡು ಸೆಕೆಂಡಿಗೆ ಇಳಿಸಬೇಕು, ಮಾಲೀಕ ಪಕ್ಕದಲ್ಲಿಯೇ ಇರಬೇಕು. ಮೊದಲು ಕೈ ಬೀಸುವುದು, ಒಂದು ಹೆಜ್ಜೆ ಪಕ್ಕಕ್ಕೆ ಇಡುವುದು. ಬಳಿಕ ಚಪ್ಪಾಳೆ, ಕುರ್ಚಿ ಎಳೆಯುವ ಸದ್ದು. ಮುಂದಿನ ಮೆಟ್ಟಿಲಿನಲ್ಲಿ ಚೆಂಡನ್ನು ದೂರದಲ್ಲಿ ಉರುಳಿಸುವುದು, ಊಟದ ತಟ್ಟೆಯನ್ನು ನೆಲಕ್ಕಿಡುವುದು. ಕೊನೆಯಲ್ಲಿ ಕರೆಗಂಟೆ, ಗೇಟಿನ ಚಿಲಕ, ಹೊರಗಿನವರ ಆಗಮನ.

ಮುಂದಿನ ಮೆಟ್ಟಿಲಿಗೆ ಯಾವಾಗ ಹೋಗಬೇಕು ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಐದು ಪ್ರಯತ್ನಗಳಲ್ಲಿ ನಾಲ್ಕು ಅಥವಾ ಐದು ಸಲ ನಾಯಿ ಕದಲದಿದ್ದರೆ ಮುಂದೆ ಹೋಗಬಹುದು. ಮೂರು ಸಲವಾದರೆ ಅಲ್ಲಿಯೇ ಮುಂದುವರಿಸಬೇಕು. ಎರಡು ಅಥವಾ ಅದಕ್ಕೂ ಕಡಿಮೆಯಾದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಗೇಟಿನ ಪಾಠವನ್ನು ಹೀಗೆಯೇ ಬಿಡಿಸಿಕೊಳ್ಳಬಹುದು. ಮೊದಲ ದಿನ ಚಿಲಕ ಮುಟ್ಟಿ ಹಿಂದಿರುಗಿ ಬಹುಮಾನ. ನಂತರ ಚಿಲಕ ತೆಗೆಯುವುದು, ಗೇಣು ತೆರೆಯುವುದು, ಪೂರ್ತಿ ತೆರೆಯುವುದು, ಹೊರಗೆ ಕಾಲಿಟ್ಟು ಮರಳುವುದು. ಈ ಅವಧಿಯುದ್ದಕ್ಕೂ ನಾಯಿ ಉದ್ದನೆಯ ಹಗ್ಗದಲ್ಲಿಯೇ ಇರಬೇಕು. ಹಗ್ಗ ಎಳೆಯುವುದಕ್ಕಲ್ಲ, ಅವಘಡ ತಪ್ಪಿಸುವುದಕ್ಕೆ.

ನಾಲ್ಕು ಊರು, ನಾಲ್ಕು ಸೆಳೆತ

ಯಾವ ಸೆಳೆತಕ್ಕೆ ಸಿದ್ಧಪಡಿಸಬೇಕು ಎಂಬುದು ಊರನ್ನು ಅವಲಂಬಿಸಿದೆ. ಶಿಡ್ಲಘಟ್ಟದಲ್ಲಿ ಅದು ವಾಸನೆ. ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾದ ಗಾಢ ವಾಸನೆ ನಾಯಿಯ ಮೂಗಿಗೆ ಔತಣವಿದ್ದಂತೆ. ಜೊತೆಗೆ ಹುಳು ಸಾಕಣೆ ಮನೆಯ ಹೊಸ್ತಿಲಿದೆ. ಹುಳುಗಳಿಗೆ ಸೋಂಕು ತಗಲದಿರಲೆಂದು ಜನರ ಓಡಾಟವನ್ನೇ ಮಿತಿಗೊಳಿಸುವ ಜಾಗದಲ್ಲಿ, ಹೊಸ್ತಿಲಾಚೆಯೇ ಕಾಯಬಲ್ಲ ನಾಯಿ ರೈತನಿಗೆ ದೊಡ್ಡ ಉಪಕಾರ.

ಚಿಂತಾಮಣಿಯಲ್ಲಿ ಟೊಮೆಟೊ ಕ್ರೇಟ್ ತುಂಬಿದ ವಾಹನಗಳ ಸದ್ದು, ಏರಿಳಿಸುವವರ ಗದ್ದಲ. ಗೌರಿಬಿದನೂರಿನಲ್ಲಿ ಬೆಂಗಳೂರು–ಗುಂತಕಲ್ ಮಾರ್ಗದ ರೈಲುಗಳ ಸಿಳ್ಳು. ಚಿಕ್ಕಬಳ್ಳಾಪುರದ ನಂದಿ ಬೆಟ್ಟದ ಆಸುಪಾಸಿನಲ್ಲಿ ಕೋತಿಗಳು. ಇವೆಲ್ಲಕ್ಕೂ ಉಪಾಯ ಒಂದೇ. ನಾಯಿ ಗಮನಿಸಿದರೂ ಎದ್ದು ಓಡದಷ್ಟು ದೂರದಿಂದ ಆರಂಭಿಸಿ, ದಿನಕ್ಕೆ ಕೆಲವೇ ಹೆಜ್ಜೆ ಹತ್ತಿರವಾಗುವುದು. ನೂರು ಅಡಿ ದೂರದ ಕೋತಿಯನ್ನು ನೋಡುತ್ತ ಕುಳಿತ ನಾಯಿಗೆ ಕೊಟ್ಟ ಒಂದು ಚೂರು ತಿನಿಸು, ಹತ್ತು ಅಡಿ ದೂರದಲ್ಲಿ ಕೂಗಿದ ಹತ್ತು ಕೂಗಿಗಿಂತ ಹೆಚ್ಚು ಕಲಿಸುತ್ತದೆ.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿ ಕಣ್ಣಿನಿಂದ ಬೇಟೆಯಾಡುವ ಜಾತಿಗೆ ಸೇರಿದ್ದು. ಅದಕ್ಕೆ ಓಡುವ ಮೊಲ, ಬೆಕ್ಕು, ಚೆಂಡೇ ಅತಿದೊಡ್ಡ ಪರೀಕ್ಷೆ. ಲ್ಯಾಬ್ರಡಾರ್‌ಗೆ ನೆಲದ ಮೇಲಿನ ತಿನಿಸು, ಕಾವಲು ತಳಿಗಳಿಗೆ ಅಪರಿಚಿತರು. ನಾಟಿ ನಾಯಿಗಳು ಈ ಪಾಠ ಕಲಿಯಲಾರವು ಎಂಬ ನಂಬಿಕೆಗೆ ಆಧಾರವಿಲ್ಲ.

ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಶ್ವಾನ ತಳಿ ಸಂವರ್ಧನಾ ಮತ್ತು ತರಬೇತಿ ಶಾಲೆ 2011ರಿಂದ ಇದೆ. ಭದ್ರತಾ ಪಡೆಗಳ ಸ್ಫೋಟಕ ಪತ್ತೆ ನಾಯಿಗಳು ವಾಸನೆ ಹಿಡಿದಾಗ ಕೆರೆಯದೆ, ಬೊಗಳದೆ ಅಲ್ಲಿಯೇ ಕುಳಿತು ಸೂಚಿಸುವಂತೆ ತರಬೇತಾಗುತ್ತವೆ. ಜನಜಂಗುಳಿಯ ನಡುವೆಯೂ ಕದಲದಿರುವ ಆ ಸಾಮರ್ಥ್ಯವೂ ಹಂತಹಂತವಾಗಿಯೇ ಬರುವಂಥದ್ದು.

ಹೊಡೆತ ಏಕೆ ಬೇಡ

ನಾಯಿ ಮಧ್ಯದಲ್ಲಿ ಎದ್ದರೆ ಬೈಯದೆ, ‘ಸ್ಟೇ ಸ್ಟೇ’ ಎಂದು ಪುನರುಚ್ಚರಿಸದೆ, ಮೌನವಾಗಿ ಅದೇ ಜಾಗಕ್ಕೆ ಕರೆತಂದು ಮತ್ತೆ ಕೂರಿಸಬೇಕು. ಈ ಸಲ ಅರ್ಧ ಅವಧಿ ಸಾಕು. ಎದ್ದದ್ದು ಅವಿಧೇಯತೆಯಲ್ಲ, ಮೆಟ್ಟಿಲು ಎತ್ತರವಾಯಿತೆಂಬ ಸೂಚನೆ.

ಹೊಡೆದು ಕಲಿಸುವ ಹಳೆಯ ಪದ್ಧತಿಯನ್ನು ಪಶುವೈದ್ಯ ವಿಜ್ಞಾನ ಇಂದು ಒಪ್ಪುವುದಿಲ್ಲ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಂಡನೆ ಬಳಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ವರ್ತನೆಗಳು ಹೆಚ್ಚಾಗಿ ಕಂಡುಬಂದವು. ತರಬೇತಿಯ ನಂತರ ಕಾರ್ಟಿಸಾಲ್ ಪ್ರಮಾಣದ ಏರಿಕೆಯೂ ಹೆಚ್ಚಿತ್ತು. ಪ್ರಾಣಿ ವರ್ತನೆ ಕುರಿತ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಬಹುಮಾನ ಆಧಾರಿತ ತರಬೇತಿಯನ್ನೇ ಶಿಫಾರಸು ಮಾಡಿತು. ನಮ್ಮಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಪ್ರಕಾರ ಪ್ರಾಣಿಯನ್ನು ಹೊಡೆದು ಹಿಂಸಿಸುವುದೂ, ತೀರ ಗಿಡ್ಡ ಸರಪಳಿಯಲ್ಲಿ ಅಕಾರಣವಾಗಿ ದೀರ್ಘಕಾಲ ಕಟ್ಟಿಹಾಕುವುದೂ ಅಪರಾಧ.

ಪ್ರಾಯೋಗಿಕವಾಗಿಯೂ ಹೊಡೆತ ವಿಫಲವಾಗುತ್ತದೆ. ಓಡಿಹೋಗಿ ಮರಳಿ ಬಂದ ನಾಯಿಗೆ ಏಟು ಬಿದ್ದರೆ ಅದು ಕಲಿಯುವುದು ‘ಓಡಬಾರದು’ ಎಂದಲ್ಲ, ‘ಮರಳಿ ಬರಬಾರದು’ ಎಂದು.

ಸೆಳೆತ ಬೇರೆ, ಭಯ ಬೇರೆ

ಕೋತಿಯನ್ನು ಕಂಡು ಓಡಬಯಸುವ ನಾಯಿಗೂ ಪಟಾಕಿಗೆ ಬೆದರಿ ಓಡಬಯಸುವ ನಾಯಿಗೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಸಂಯಮ ಕಲಿಸಬಹುದು. ಎರಡನೆಯದಕ್ಕೆ ಬೇಕಾದದ್ದು ಆಸರೆ. ದೀಪಾವಳಿಯ ರಾತ್ರಿ ನಡುಗುತ್ತಿರುವ ನಾಯಿಯನ್ನು ‘ಸ್ಟೇ’ ಎಂದು ಕೂರಿಸುವುದು ಕ್ರೌರ್ಯ. ಬಾಲ ಮುದುಡುವುದು, ಕಿವಿ ಹಿಂದಕ್ಕೆ ಅಂಟಿಸುವುದು, ಪದೇಪದೇ ಆಕಳಿಸುವುದು, ತುಟಿ ನೆಕ್ಕುವುದು ಒತ್ತಡದ ಲಕ್ಷಣಗಳು. ಇವು ಕಂಡಾಗ ಪಾಠ ನಿಲ್ಲಿಸಬೇಕು. ಭಯ ತೀವ್ರವಾಗಿದ್ದರೆ ಪಶುವೈದ್ಯರ ಸಲಹೆ ಅಗತ್ಯ.

ಪಾಠಕ್ಕೆ ಮಿತಿಯೂ ಇದೆ. ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ ಆರಂಭಿಸಿದ ಸನ್ನಡತೆಯ ಪರೀಕ್ಷೆಯಲ್ಲಿ ಮಾಲೀಕ 20 ಅಡಿ ದೂರ ಹೋಗಿ ಬರುವವರೆಗೆ ನಾಯಿ ಕದಲಬಾರದು. ಆ ಪರೀಕ್ಷೆಯಲ್ಲಿಯೂ ನಾಯಿಗೆ ಹಗ್ಗ ಇರುತ್ತದೆ. ಎಷ್ಟೇ ಪಳಗಿದ ನಾಯಿಯಾದರೂ ಹೆದ್ದಾರಿಯ ಅಂಚಿನಲ್ಲಿ, ಅಂಗಡಿಯ ಮುಂದೆ ಹಗ್ಗವಿಲ್ಲದೆ ‘ಸ್ಟೇ’ ಹೇಳಿ ಹೋಗುವುದು ಸಲ್ಲದು. ‘ಸ್ಟೇ’ ಗೇಟಿಗೆ ಬದಲಿಯಲ್ಲ. ಗೇಟು ಆಕಸ್ಮಿಕವಾಗಿ ತೆರೆದುಕೊಂಡ ದಿನಕ್ಕೆ ಅದು ಎರಡನೆಯ ಚಿಲಕ.

ಗಮನದಲ್ಲಿರಲಿ

* ಬೇಯಿಸಿದ ಕೋಳಿ ಮಾಂಸ ಅಥವಾ ಮೊಟ್ಟೆ, ಪನೀರಿನ ಕಡಲೆಕಾಳಿನಷ್ಟು ಚೂರು ಸಾಕು. ಬಹುಮಾನದ ಪ್ರಮಾಣವನ್ನು ದಿನದ ಆಹಾರದಲ್ಲಿ ಕಳೆಯಬೇಕು.
* ದ್ರಾಕ್ಷಿ ಬೆಳೆಯುವ ಜಿಲ್ಲೆಯಾದರೂ ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ ಕೊಡಲೇಬಾರದು, ಮೂತ್ರಪಿಂಡಕ್ಕೆ ಅಪಾಯ. ಚಾಕೊಲೇಟ್, ಈರುಳ್ಳಿಯೂ ನಿಷಿದ್ಧ.
* ಬೀದಿಯ ಪಾಠಕ್ಕೆ ಮುನ್ನ ರೇಬಿಸ್ ಹಾಗೂ ಇತರ ಲಸಿಕೆಗಳು ಆಗಿರಬೇಕು.
* ಬೇಸಿಗೆಯಲ್ಲಿ ಬೆಳಿಗ್ಗೆ ಅಥವಾ ಸಂಜೆ ಮಾತ್ರ ಹೊರಗೆ ಪಾಠ. ಬಿಸಿ ಡಾಂಬರಿನ ಮೇಲೆ ಕುಳಿತ ನಾಯಿ ಏಳುವುದು ಸಹಜ.
* ಪ್ರತಿ ಪಾಠವನ್ನೂ ನಾಯಿ ಗೆಲ್ಲುವಂತಹ ಸುಲಭ ಪ್ರಯತ್ನದೊಂದಿಗೆ ಮುಗಿಸಬೇಕು.